ಸದ್ದು ಸಾಲದು

ಬೆಳಿಗ್ಗೆ ಹತ್ತಕ್ಕೆ ಕಾರ್ಖಾನೆಗೆ ಬಂದ ಗಿರಾಕಿ ತಮ್ಮ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ಎರಡೇ ಮಾತು ಹೇಳಿದರು: "ಸದ್ದು ಸಾಲದು." ನಾದಪ್ಪನ ಗ್ರಹಚಾರ ಕೆಡುವುದಕ್ಕೆ ಅಷ್ಟು ಸಾಕಾಯಿತು.

ನಾದಪ್ಪ ಎಂಬುದು ಅವನಿಗೆ ಹೆತ್ತವರು ಇಟ್ಟ ಹೆಸರಲ್ಲ. ಪಕ್ಕದ ಗುಂಡಿ ಎಳೆದರೆ ಗಂಟೆ ಬಾರಿಸಿ ಹೊತ್ತು ಹೇಳುವ ದುಬಾರಿ ಕೈಗಡಿಯಾರಗಳಿಗೆ ದನಿ ಕೂರಿಸುವುದು ಅವನ ಕೆಲಸವಾದ್ದರಿಂದ ಜೊತೆಯವರು ಹಾಗೆ ಕರೆಯುತ್ತಿದ್ದರು. ಗಡಿಯಾರದೊಳಗೆ ಯಂತ್ರವನ್ನು ಸುತ್ತುವರಿದು ಎರಡು ಉಕ್ಕಿನ ತಂತಿಗಳಿರುತ್ತವೆ. ಅವುಗಳನ್ನು ಬಡಿಯಲು ಎಳ್ಳುಕಾಳಿಗಿಂತ ತುಸು ದೊಡ್ಡದಾದ ಎರಡು ಸುತ್ತಿಗೆಗಳು. ಗಂಟೆಗೆ ದಪ್ಪ ದನಿ, ನಿಮಿಷಕ್ಕೆ ಸಣ್ಣ ದನಿ, ಕಾಲು ಗಂಟೆಗೆ ಎರಡೂ ಒಂದರ ಹಿಂದೊಂದು. ತಂತಿಯ ಬುಡವನ್ನು ಕೂದಲೆಳೆಯಷ್ಟು ಅರದಿಂದ ಉಜ್ಜಬೇಕು, ಕೇಳಬೇಕು, ಮತ್ತೆ ಉಜ್ಜಬೇಕು. ಒಂದೆಳೆ ಹೆಚ್ಚು ಉಜ್ಜಿದರೆ ಮುಗಿಯಿತು, ಹೋದ ಉಕ್ಕು ಮರಳಿ ಬರುವುದಿಲ್ಲ.

ಈ ಗಡಿಯಾರಕ್ಕೆ ಅವನು ಹದಿನಾಲ್ಕು ತಿಂಗಳು ಹಿಡಿದಿದ್ದ. ಮೊದಲ ಸಲ ಅದು ಪೂರ್ತಿ ದನಿ ತೆಗೆದ ದಿನ, ಯಾರು ಕೂಗಿದರೂ ತನ್ನ ಚಕ್ರ ನಿಲ್ಲಿಸದ ಪಾಲಿಶ್ ಮಾಮ ತಾನಾಗಿಯೇ ನಿಲ್ಲಿಸಿ, "ಇನ್ನೊಂದ್ಸಲ ಬಾರ್ಸೋ" ಎಂದಿದ್ದ. ಆ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು. ಯಜಮಾನರು ಒಪ್ಪಿದರೆ ದನಿ ಕೂರಿಸಿದವನು ಯಂತ್ರದ ಒಳತಗಡಿನ ಮೇಲೆ ತನ್ನ ಗುರುತನ್ನು ಕೆತ್ತಬಹುದು. ಇಪ್ಪತ್ತೆರಡು ವರ್ಷ "ಮುಂದಿನ ಸಲ ನೋಡೋಣ" ಎನ್ನುತ್ತ ಬಂದ ಯಜಮಾನರು ಈ ಸಲ ಸ್ವಲ್ಪ ಮೆತ್ತಗಾಗಿದ್ದರು. ಗಿರಾಕಿಯ ಕೈಯಲ್ಲಿ ಒಂದು ತಿಂಗಳು ದೂರಿಲ್ಲದೆ ಇದ್ದರೆ ಗುರುತು ಖಂಡಿತ ಎಂದು ಮಾತು ಕೊಟ್ಟಿದ್ದರು. ಗಿರಾಕಿ ಮರಳಿ ಬಂದದ್ದು ಇಪ್ಪತ್ತೊಂಬತ್ತನೆಯ ದಿನ.

ಸದ್ದು ಸಾಲದು ಎನ್ನುವವರ ಕಿವಿ ಮಂದವಾಗಿರಲೇಬೇಕೆಂದು ಮೊದಲು ಕಂಡುಹಿಡಿದವನು ಮಾರಾಟದವನು. ಅವನು ಕಾಫಿ ಕೊಡುತ್ತಲೇ ಗಿರಾಕಿಯ ಮುಖದ ಹತ್ತಿರ ಬಾಗಿ, "ಸಕ್ಕರೆ ಎಷ್ಟು ಸಾರ್?" ಎಂದು ಊರಿಗೆಲ್ಲ ಕೇಳುವಂತೆ ಕೂಗಿದ. "ಎರಡು ಚಮಚ!" ಎಂದು ಅವರೂ ಕೂಗಿದರು.

"ನೋಡಿದ್ಯಾ?" ಮಾರಾಟದವನು ಒಳಗೆ ಬಂದು ನಾದಪ್ಪನಿಗೆ ಹೇಳಿದ. "ಕಿವುಡರೇ ಹಾಗೆ ಕಿರುಚೋದು. ನಮ್ಮ ಮಾವನೂ ಹೀಗೇ."

ನಾದಪ್ಪ ಹೊರಗೆ ಓಡಿದ. ಜೀವಮಾನವೆಲ್ಲ ಮೆಲ್ಲಗೆ ಮಾತಾಡಿದ ಮನುಷ್ಯ ಎದೆ ತುಂಬ ಉಸಿರು ತೆಗೆದುಕೊಂಡು, "ಒಂದು ಸಲ ಬಾಗಿಲು ಹಾಕ್ಕೊಂಡು ಕೇಳಿ ಸಾರ್!" ಎಂದು ಅರಚಿದ.

"ಕೇಳಿದೀನಿ!" ಗಿರಾಕಿ ಅದಕ್ಕಿಂತ ಜೋರಾಗಿ ಅರಚಿದರು. "ಇನ್ನೂ ದೊಡ್ಡದಾಗಿ ಬರ್ಬೇಕು! ಐದು ಗಂಟೆಗೆ ಬರ್ತೀನಿ!"

ನಾದಪ್ಪ ಯಜಮಾನರ ಮುಂದೆ ಕೈಕಟ್ಟಿ ನಿಂತ. "ಅವರನ್ನ ಕಿವಿ ಡಾಕ್ಟರ ಹತ್ರ ಹೋಗೋಕೆ ಹೇಳೋಣ ಯಜಮಾನ್ರೇ. ವಾಚಲ್ಲಿ ಏನೂ ತೊಂದರೆ ಇಲ್ಲ."

"ಲೋ, ಗಿರಾಕಿಗೆ ಕಿವುಡು ಅಂತ ಹೇಳಿ ನಾನು ಅಂಗಡಿ ಮುಚ್ಕೊಂಡು ಹೋಗ್ಲಾ?" ಯಜಮಾನರು ಕನ್ನಡಕ ತೆಗೆದು ಒರೆಸಿದರು. "ಸಂಜೆಯೊಳಗೆ ಜೋರು ಮಾಡು. ಆಗಲ್ಲ ಅಂದ್ರೆ ಹೇಳು, ನಾಳೆಯಿಂದ ಬೆಲ್ಟ್ ಹೊಲಿಯೋ ಕಡೆ ಒಂದು ಸ್ಟೂಲು ಖಾಲಿ ಇದೆ."

ಮೇಜಿಗೆ ಮರಳಿದವನು ಅರ ಹಿಡಿಯುವ ಮೊದಲು ಹೆಂಡತಿಗೆ ಫೋನ್ ಮಾಡಿದ. ಹದಿನಾಲ್ಕು ತಿಂಗಳಲ್ಲಿ ಅವಳು ಆ ದನಿಯ ಸುದ್ದಿ ಕೇಳಿದ್ದಳೇ ಹೊರತು ದನಿಯನ್ನು ಕೇಳಿರಲಿಲ್ಲ.

"ಸುಮ್ನೆ ಕೇಳು" ಎಂದು ಗುಂಡಿ ಎಳೆದ. ಹನ್ನೊಂದು ದಪ್ಪ ಹೊಡೆತ, ಎರಡು ಜೋಡಿ, ನಾಲ್ಕು ಸಣ್ಣವು.

"ಏನ್ರೀ ಅದು? ಲೈನ್ ಸರಿ ಇಲ್ಲ ಅನ್ಸತ್ತೆ" ಎಂದಳು ಹೆಂಡತಿ. "ಬರ್ತಾ ಸೋಪು ತನ್ನಿ."

ಅಷ್ಟರಲ್ಲಿ ಬುದ್ಧಿ ಹೇಳುವವರು ಮೇಜಿನ ಸುತ್ತ ನೆರೆದಿದ್ದರು. ಪಾಲಿಶ್ ಮಾಮ ಸುತ್ತಿಗೆಯ ಸ್ಪ್ರಿಂಗ್ ಬಿಗಿ ಮಾಡು ಎಂದ. ಬಿಗಿ ಮಾಡಿದ್ದಕ್ಕೆ ಸುತ್ತಿಗೆ ತಂತಿಗೆ ಎರಡೆರಡು ಸಲ ತಾಗಿ, ತಂತಿ ಬಾಟಲಿಯಲ್ಲಿ ಸಿಕ್ಕ ನೊಣದಂತೆ ಗುಂಯ್‌ಗುಟ್ಟಿತು. ಮುಳ್ಳು ಕೂರಿಸುವ ಅಕ್ಕ, "ತಂತಿ ಬುಡಾನ ವಾಚಿನ ಹೊರಡಬ್ಬಿಗೇ ಬಿಗಿದುಬಿಡಪ್ಪ, ಡಬ್ಬಿ ಪೂರಾ ಕೂಗತ್ತೆ" ಎಂದಳು. ಬಿಗಿದ. ಡಬ್ಬಿ ಕೂಗಿತು, ಆದರೆ ದಪ್ಪ ದನಿ ಎಲ್ಲಿಗೋ ಓಡಿಹೋಯಿತು. ಅದನ್ನು ಹಿಡಿದು ತರಲು ಬುಡ ಉಜ್ಜಿದ. ಅದಕ್ಕೆ ಹೊಂದಲೆಂದು ಇನ್ನೊಂದು ತಂತಿಯನ್ನೂ ಉಜ್ಜಿದ. ಮಾರಾಟದವನು ಹಿಂದೆ ನಿಂತು, "ಇನ್ನೂ ಸಾಲದು, ಇನ್ನೂ ಸಾಲದು" ಎನ್ನುತ್ತಲೇ ಇದ್ದ. ಪ್ರತಿ ಸಲ ಅರ ಎಳೆದಾಗಲೂ ನಾದಪ್ಪನಿಗೆ ತನ್ನ ಹಲ್ಲನ್ನೇ ಉಜ್ಜಿದಂತಾಗುತ್ತಿತ್ತು.

ನಾಲ್ಕೂವರೆಗೆ ಕೆಲಸ ಮುಗಿಯಿತು. ಗುಂಡಿ ಎಳೆದರೆ ಶಾಲೆ ಬಿಟ್ಟ ಗಂಟೆಯಂತೆ ಠಣಠಣ ಹೊಡೆದುಕೊಂಡಿತು. ಅದನ್ನು ಕೇಳಲು ಪಾಲಿಶ್ ಮಾಮ ಚಕ್ರ ನಿಲ್ಲಿಸಬೇಕಾಗಲಿಲ್ಲ, ನಿಲ್ಲಿಸಲೂ ಇಲ್ಲ. ನಾದಪ್ಪನಿಗೆ ಅವನ ಮುಖ ನೋಡಲು ನಾಚಿಕೆಯಾಯಿತು.

ಐದಕ್ಕೆ ಸರಿಯಾಗಿ ಗಿರಾಕಿ ಬಂದು ಗುಂಡಿ ಎಳೆದರು. ಮಾರಾಟದವನ ಕೈಯಲ್ಲಿದ್ದ ಕಾಫಿ ಅಂಗಿಯ ಮೇಲೆ ಚೆಲ್ಲಿತು. ಗಿರಾಕಿಯ ಮುಖ ಅರಳಿತು.

"ಇದಪ್ಪಾ ವಾಚು ಅಂದ್ರೆ!" ಎಂದು ಕೂಗಿದರು.

"ಎಲ್ಲಾ ನಿಮಗೋಸ್ಕರ!" ಎಂದು ಯಜಮಾನರು ಕೈಮುಗಿದು ಕೂಗಿದರು.

ಕೋಣೆಯ ಇನ್ನೊಂದು ತುದಿಯಲ್ಲಿ, ಬಾಗಿಲಿಗೊರಗಿ ನಿಂತಿದ್ದ ನಾದಪ್ಪನಿಗೆ ಕೂಗುವ ಶಕ್ತಿ ಉಳಿದಿರಲಿಲ್ಲ. ಯಾರಿಗೂ ಕೇಳದಷ್ಟು ಮೆಲ್ಲಗೆ ತನ್ನಷ್ಟಕ್ಕೆ ಗೊಣಗಿದ: "ಹಳೇ ದನಿ ಸತ್ತೇ ಹೋಯ್ತು."

"ಹೌದು, ಪಾಪ" ಎಂದರು ಗಿರಾಕಿ ಅವನತ್ತ ತಿರುಗಿ. "ಬಹಳ ಚೆನ್ನಾಗಿತ್ತು."

ನಾದಪ್ಪ ತೊದಲಿದ: "ನಿಮಗೆ... ಕೇಳಿಸ್ತಿತ್ತಾ?"

"ಯಾಕೆ ಕೇಳಿಸಲ್ಲ? ನನ್ನ ಕಿವಿ ನೆಟ್ಟಗಿದೆ. ಬಚ್ಚಲುಮನೆ ಬಾಗಿಲು ಹಾಕ್ಕೊಂಡು ದಿನಾ ಬಾರಿಸ್ತಿದ್ದೆ. ಒಂದಿನ ಕಣ್ಣಲ್ಲಿ ನೀರೂ ಬಂತು ಅನ್ನಿ." ಅವರು ಈಗ ಮಾಮೂಲಿ ದನಿಯಲ್ಲೇ ಮಾತಾಡುತ್ತಿದ್ದರು. "ಆದ್ರೆ ಮೀಟಿಂಗಲ್ಲಿ ಬಾರಿಸಿದ್ರೆ ಒಬ್ಬನೂ ತಲೆ ಎತ್ತಿ ನೋಡ್ತಿರ್ಲಿಲ್ಲ. ಇಂಥಾ ವಾಚು ಕಟ್ಕೊಂಡು ನಾನೊಬ್ಬನೇ ಕೇಳಿ ಏನು ಮಾಡ್ಲಿ, ಹೇಳಿ?"

"ಮತ್ತೆ ಬೆಳಿಗ್ಗೆ ಹಾಗೆ ಕಿರುಚಿದ್ರಲ್ಲ ಸಾರ್!" ಎಂದ ಮಾರಾಟದವನು ಅಂಗಿ ಒರೆಸಿಕೊಳ್ಳುತ್ತ.

"ನೀವೆಲ್ಲ ಕಿರುಚ್ತಿದ್ರಿ. ಗಂಟೆ ಕೇಳೀ ಕೇಳೀ ಇಲ್ಲಿಯವರ ಕಿವಿ ಹೋಗಿದೆ, ಪಾಪ ಅಂದ್ಕೊಂಡೆ."

ಯಜಮಾನರಿಗೆ ಅದೆಲ್ಲ ಬೇಕಿರಲಿಲ್ಲ. ಗಿರಾಕಿ ನಗುತ್ತಿದ್ದರು, ಅಷ್ಟು ಸಾಕಿತ್ತು. ನಾದಪ್ಪನ ಬೆನ್ನು ತಟ್ಟಿ ಹೇಳಿದರು: "ಇಪ್ಪತ್ತೆರಡು ವರ್ಷಕ್ಕೆ ಕೆಲಸ ಕಲಿತೆ ಕಣೋ! ಇನ್ಮೇಲೆ ನಮ್ಮ ಎಲ್ಲಾ ವಾಚಿಗೂ ಇದೇ ದನಿ. ಬಾ, ಒಳತಗಡಿನ ಮೇಲೆ ನಿನ್ನ ಗುರುತು ಕೆತ್ತು. ಈಗ್ಲೇ ಕೆತ್ತು."

"ಬೇಡ ಯಜಮಾನ್ರೇ. ಇದಕ್ಕೆ ಬೇಡ, ಕೈಮುಗೀತೀನಿ."

"ವಿನಯ ನೋಡಿ!" ಎಂದರು ಯಜಮಾನರು. ಎಲ್ಲರೂ ಚಪ್ಪಾಳೆ ತಟ್ಟಿದರು. ಗಿರಾಕಿ ಕುರ್ಚಿ ಎಳೆದುಕೊಂಡು, ಕೆತ್ತುವ ತನಕ ಕಾಯುತ್ತೇನೆಂದು ಕುಳಿತರು.

ನಾದಪ್ಪ ಗಡಿಯಾರ ಬಿಚ್ಚಿ, ಇಪ್ಪತ್ತೆರಡು ವರ್ಷದಿಂದ ಕಾಗದದ ಮೇಲೆ ಬರೆದು ಬರೆದು ತಿದ್ದಿಕೊಂಡಿದ್ದ ಗುರುತನ್ನು ಕೆತ್ತಿ, ಮುಚ್ಚಿ ಕೊಟ್ಟ. ಗಿರಾಕಿ ಕಟ್ಟಿಕೊಂಡು ಹೊರಗೆ ಹೋದರು. ಮೆಟ್ಟಿಲ ಮೇಲೆ ನಿಂತು ಗುಂಡಿ ಎಳೆದರು. ಬೀದಿಯಲ್ಲಿ ಹೋಗುತ್ತಿದ್ದ ನಾಲ್ಕು ಜನ ಬೆಚ್ಚಿ ಕಿವಿ ಮುಚ್ಚಿಕೊಂಡು, ಇದು ಯಾರ ಕೆಲಸ ಎಂದು ಸಿಟ್ಟಿನಿಂದ ತಿರುಗಿ ನೋಡಿದರು. ಗಿರಾಕಿ ಬಹಳ ಹೆಮ್ಮೆಯಿಂದ ಕಿಟಕಿಯೊಳಗಿದ್ದ ನಾದಪ್ಪನತ್ತ ಬೆರಳು ತೋರಿಸಿದರು.