ಗಾಡಿಯ ಎಣ್ಣೆಗೆ ಮೂರು ಜಳಕ

ಮನುಷ್ಯರಿಗೆ ವಾರಕ್ಕೊಂದು ಜಳಕ ಸಿಗದ ಬರಗಾಲದಲ್ಲಿ ಗಾಡಿಗೆ ಹಾಕುವ ಎಣ್ಣೆಗೆ ಮೂರು ಮೂರು ಜಳಕ ಮಾಡಿಸಿದ ಪುಣ್ಯಾತ್ಮ ಯಾರಾದರೂ ಇದ್ದರೆ, ಅವನು ನಮ್ಮಣ್ಣ! ನಾನು ಓದಿದ್ದು ನಾಲ್ಕನೆಯ ಇಯತ್ತೆ, ದೊಡ್ಡ ಮಾತು ಬರೆಯಲು ಬಾರದು. ಆದರೆ ಈ ಮಾತಿಗೆ ನಾನೇ ಸಾಕ್ಷಿ. ಜಳಕ ಮಾಡಿಸುವ ಕೆಲಸ ನನ್ನದೇ ಆಗಿತ್ತು.

ಠಾಣಾ ಕುಶನೂರಿನ ನಮ್ಮ ಮನೆಯ ಮುಂದೆ ಒಂದು ಹಳೆಯ ಡೀಸೆಲ್ ಪಿಕಪ್ ನಿಂತಿರುತ್ತಿತ್ತು. ಮೂವರು ಮಾಲೀಕರು ಸಾಕಪ್ಪಾ ಎಂದು ಕೈಬಿಟ್ಟ ಗಾಡಿ. ಅಣ್ಣ ಬೀದರಕ್ಕೆ ಹೋಗಿ ಎರಡು ದಿನ ಬಯೋಡೀಸೆಲ್ ಮಾಡುವುದನ್ನು ಕಲಿತು ಬಂದ. ಮೂರನೆಯ ದಿನ ಜೋಳ ಇಡುವ ಕೋಣೆಗೆ ಡ್ರಮ್ಮು ಬಂತು! ಹೊಂಗೆ ಎಣ್ಣೆ ಕಾಯಿಸಿ, ಸ್ಪಿರಿಟ್ಟು, ಕಾಸ್ಟಿಕ್ ಸೋಡಾ ಬೆರೆಸಿ, ತಳಕ್ಕೆ ಕೂತ ಜಿಡ್ಡು ತೆಗೆದು, ತೊಳೆದು, ಆ ಎಣ್ಣೆ ಒಂದು ಪಾಲಿಗೆ ಡೀಸೆಲ್ ನಾಲ್ಕು ಪಾಲು ಸೇರಿಸಿ ಗಾಡಿಗೆ ಕುಡಿಸುತ್ತಿದ್ದ. ಆಮೇಲೆ ಸೈಲೆನ್ಸರಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಹೊಗೆ ಮೂಸಿ, ‘ಇವತ್ತ ಭಾಳ ಖುಷಿ ಅದ’ ಅನ್ನುವನು. ಖುಷಿ ಯಾರಿಗೆ? ಗಾಡಿಗೆ!

ಬಸ್‌ಸ್ಟ್ಯಾಂಡಿನ ಚಹಾದಂಗಡಿ ಚಾಚಾ ಒಮ್ಮೆ, ‘ಗಾಡಿ ಓಡಿಸ್ಲತ್ತಿಯೋ, ಗುಡಿಗಿ ದೀಪಾ ಹಚ್ಲತ್ತಿಯೋ’ ಎಂದು ಕೇಳಿದ. ಅಣ್ಣನಿಗೆ ಸಿಟ್ಟು ಬಂತೇ? ಇಲ್ಲ. ಚಾಚಾನ ಬಜ್ಜಿ ಕರಿದು ಉಳಿದ ಎಣ್ಣೆಯನ್ನೂ ಡಬ್ಬಿಯಲ್ಲಿ ತುಂಬಿಸಿಕೊಂಡು ಬಂದ.

ಕಷ್ಟವಿದ್ದದ್ದು ತೊಳೆಯುವುದರಲ್ಲಿ. ಹೊಸದಾಗಿ ಮಾಡಿದ ಎಣ್ಣೆಯಲ್ಲಿ ಸಾಬೂನು ಉಳಿದಿರುತ್ತದೆ. ನೀರು ಹಾಕಿ ಮೆಲ್ಲಗೆ ಕಲಕಿ, ಬಿಳಿ ನೀರು ಕೆಳಗಿಳಿದ ಮೇಲೆ ಬಸಿಯಬೇಕು. ಹೀಗೆ ಮೂರು ಸಲ. ಬಿಟ್ಟರೆ ಸಾಬೂನು ಫಿಲ್ಟರಿನಲ್ಲಿ ಕೂತು ಎಂಜಿನ್ನಿನ ಗಂಟಲು ಹಿಚುಕುತ್ತದೆ. ಊರಿಗೆ ನೀರಿನ ಟ್ಯಾಂಕರ್ ಬರುತ್ತಿದ್ದದ್ದು ನಾಲ್ಕು ದಿನಕ್ಕೊಮ್ಮೆ. ಅದರಲ್ಲಿ ಮೂರು ಕೊಡ ಎಣ್ಣೆಗೇ ಮೀಸಲು! ‘ಮುಂದಿನ ಜನ್ಮದಾಗ ನಿನ್ನ ಡ್ರಮ್ಮಿನಾಗ ಹುಟ್ತೀನಪ್ಪಾ, ಜಳಕಾದ್ರೂ ಆಗ್ತದ’ ಎಂದು ಅವ್ವ ಗೊಣಗುವಳು.

ಅಣ್ಣನ ಹಟಕ್ಕೆ ಕಾರಣವಿತ್ತು. ಆ ವರ್ಷ ಅರ್ಧ ಊರು ಗುಳೆ ಹೊರಟಿತ್ತು. ಡೀಸೆಲ್ ಉಳಿದರೆ ಅವರನ್ನು ಕಡಿಮೆ ಬಾಡಿಗೆಗೆ ಭಾಲ್ಕಿ ಸ್ಟೇಷನ್ನಿಗೆ ಮುಟ್ಟಿಸಬಹುದಿತ್ತು.

ನನ್ನ ಗೆಳತಿಯೂ ಗಂಡನ ಜೊತೆ, ಎಂಟು ತಿಂಗಳ ಕೂಸನ್ನೆತ್ತಿಕೊಂಡು ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೊರಟಳು. ಗುಂಪಿನಲ್ಲಿ ಹನ್ನೊಂದು ಜನ. ಕೂಲಿಯಾಳುಗಳನ್ನು ಕರೆದೊಯ್ಯುವ ಮುಕಾದಮ ಸ್ಟೇಷನ್ನಿನಲ್ಲಿ ಕಾಯುವವನಿದ್ದ. ರೈಲಿನ ಹೊತ್ತಿಗೆ ಬಾರದಿದ್ದರೆ ಬೇರೆ ಗುಂಪನ್ನು ಹತ್ತಿಸಿಕೊಳ್ಳುತ್ತೇನೆ ಎಂದು ಮೊದಲೇ ಹೇಳಿ ಕಳಿಸಿದ್ದ. ಗೆಳತಿಯನ್ನು ಬೀಳ್ಕೊಡಲು ನಾನೂ ಹೋಗಬೇಕಿತ್ತು. ನನ್ನ ತಲೆ ನೀರು ಕಂಡು ಹದಿನೆಂಟು ದಿನವಾಗಿತ್ತು. ಹಿಂದಿನ ದಿನ ಅಣ್ಣ ಮನೆಯಲ್ಲಿಲ್ಲದಾಗ ಎಣ್ಣೆಗೆ ಒಂದೇ ಜಳಕ ಮಾಡಿಸಿದೆ. ಉಳಿದ ಎರಡು ಕೊಡ, ಸೀಗೆಪುಡಿ ಹಚ್ಚಿ, ನನ್ನ ತಲೆಗೆ! ಎಂಥ ಸುಖ ಅಂತೀರಿ! ಎಣ್ಣೆಯೂ ನೋಡಲು ಚೊಕ್ಕಟವಾಗಿಯೇ ಕಂಡಿತು.

ಭಾಲ್ಕಿ ಇನ್ನೊಂದು ಹರದಾರಿ ಇರುವಾಗ ಗಾಡಿ ಕೆಮ್ಮಿತು, ಜಗ್ಗಿತು, ನಿಂತಿತು. ರೈಲಿಗೆ ಅರ್ಧ ಗಂಟೆ. ಕೈಮಾಡಿದರೆ ತುಂಬಿದ ಬಸ್ಸೊಂದು ನಿಲ್ಲದೆ ಹೋಯಿತು. ಅಣ್ಣ ಫಿಲ್ಟರ್ ಬಿಚ್ಚಿದ. ಒಳಗೆ ಕೆನೆಯಂಥ ಬಿಳಿ ಮುದ್ದೆ. ಬೆರಳಿಗೆ ಹಚ್ಚಿಕೊಂಡು, ಎರಡು ಹನಿ ನೀರು ಹಾಕಿ ಉಜ್ಜಿದ. ನೊರೆ ಬಂತು.

ನನ್ನ ಕಡೆ ನೋಡಿದ. ತೊಳೆದ ಕೂದಲು ಗಾಳಿಗೆ ಹಾರುತ್ತಿತ್ತು. ಸೆರಗು ಎಳೆದುಕೊಂಡೆ.

‘ಎಷ್ಟ ಸಲ ತೊಳದಿ?’

‘ಮೂರು ಸಲ.’

ಗುಂಪಿನ ಹಿರಿಯ ಕಾಕಾ ಕೆಳಗಿಳಿದು ಬಂದ. ‘ನಿನ್ನ ಹುಚ್ಚಿಗಿ ನಮ್ಮ ಹೊಟ್ಟಿ ಮ್ಯಾಲ ಹೊಡದಿ. ಆಕಿ ಖರೇನ ತೊಳದಾಳೋ ಇಲ್ಲೋ, ಇನ್ನೊಮ್ಮಿ ಕೇಳು.’

ಅಣ್ಣ ಬೆರಳನ್ನು ಅಂಗಿಗೆ ಒರೆಸಿಕೊಂಡ. ‘ತೊಳದಾಳ್ರಿ ಕಾಕಾ. ಸೋಡಾ ಹಾಕೂ ನನ್ನ ಅಳತಿನೇ ತಪ್ಪದ.’

ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಅಣ್ಣ ಡೀಸೆಲ್ಲಿನಲ್ಲಿ ಫಿಲ್ಟರ್ ತಿಕ್ಕುತ್ತಿರುವಾಗಲೇ ದೂರದಲ್ಲಿ ರೈಲು ಕೂಗಿತು. ಗೆಳತಿ ಕೂಸಿನ ಬೆನ್ನು ತಟ್ಟುತ್ತ ಆ ಕಡೆಗೇ ನೋಡಿದಳು. ಗಾಡಿ ಮತ್ತೆ ಹೊರಟು ನಾವು ಸ್ಟೇಷನ್ ಮುಟ್ಟುವ ಹೊತ್ತಿಗೆ ಮುಕಾದಮ ಬೇರೆ ಗುಂಪಿನೊಂದಿಗೆ ಹೋಗಿಬಿಟ್ಟಿದ್ದ. ಹನ್ನೊಂದು ಜನರನ್ನೂ ಅದೇ ಗಾಡಿಯಲ್ಲಿ ವಾಪಸು ತಂದೆವು. ದಾರಿಯುದ್ದಕ್ಕೂ ಯಾರೂ ಅಣ್ಣನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರಿಗೆ ಮತ್ತೆ ಕೆಲಸ ಸಿಕ್ಕಿದ್ದು ಮೂರು ವಾರದ ಮೇಲೆ.

ಮರುದಿನ ಅಣ್ಣ ಡ್ರಮ್ಮನ್ನು ಹೊರಗೆ ಉರುಳಿಸಿದ. ಹೊಗೆ ಮೂಸುವುದೂ ನಿಂತಿತು.

ಮುಂದಿನ ಟ್ಯಾಂಕರ್ ಬಂದ ದಿನ ತಾನೇ ಮೂರು ಕೊಡ ಹೊತ್ತು ತಂದು ಬಚ್ಚಲಲ್ಲಿಟ್ಟ. ‘ತಲಿ ತೊಳ್ಕೋ ತಂಗಿ,’ ಎಂದ, ‘ಎಣ್ಣಿಗೇನ್ ಇನ್ನ ನೀರು ಬೇಕಾಗಲ್ಲ.’

ದನಿಯಲ್ಲಿ ಕೊಂಕಿರಲಿಲ್ಲ. ಅವತ್ತೂ ನಿಜ ಹೇಳದೆ ಆ ನೀರನ್ನು ತಲೆಗೆ ಸುರಿದುಕೊಂಡೆ.

ಅಣ್ಣಾ, ನಿನ್ನ ಅಳತೆ ಸರಿಯಿತ್ತು. ನಾನು ಒಂದೇ ಸಲ ತೊಳೆದಿದ್ದೆ.