ಹದಿನೇಳನೆಯ ಭರಣಿ

ಇದರಲ್ಲಿ ಒಂದು ಮಾತು ಸುಳ್ಳಿದ್ದರೆ ಇವತ್ತಿನ ರೊಟ್ಟಿ ನನ್ನ ಗಂಟಲಲ್ಲಿ ಇಳಿಯದಿರಲಿ. ಐವತ್ತಾರನೆಯ ಇಸವಿಯಲ್ಲಿ, ಇಳಕಲ್ಲಿನಲ್ಲಿ, ಪ್ರಾಣೇಶ ಮಾಸ್ತರರ ಓಣಿಯಲ್ಲಿ ಖರೆಖರೆ ನಡೆದದ್ದು. ಆ ಟಗರನ್ನಂತೂ ನಾನೇ ಕಣ್ಣಾರೆ ಕಂಡಿದ್ದೇನೆ.

ಎಲ್ಲದಕ್ಕೂ ಕಾರಣ ಒಂದೇ ಒಂದು ಮಾತು. ಮಾಸ್ತರರು ದೇವರ ಮನೆಯ ಗೂಡಿನಲ್ಲಿ ಉಪ್ಪಿನಕಾಯಿಯ ಭರಣಿಯೊಂದನ್ನು ಇಡುವಾಗ ಹೆಂಡತಿ ಕುಮುದಿನಿ ಅದೇನೆಂದು ಕೇಳಿದಳು. "ಗೋಕರ್ಣದ ಮಣ್ಣು. ಮುಟ್ಟಬ್ಯಾಡ," ಅಂದರು. ಸುಳ್ಳಲ್ಲ, ಆದರೆ ಅರ್ಧ ಮಾತು.

ಉಳಿದರ್ಧ ಹೀಗಿತ್ತು. ಎರಡು ವರ್ಷದ ಹಿಂದೆ ಕುಮುದಿನಿಯ ತಲೆಗೆ ಗಜಕರ್ಣ ಹತ್ತಿ, ಕೂದಲು ಹಿಡಿಹಿಡಿಯಾಗಿ ಉದುರಿ ನೆತ್ತಿ ಬಯಲಾಗಿತ್ತು. ಗಂಡ ಗಟ್ಟಿಮುಟ್ಟಾಗಿರುವಾಗಲೇ ತಲೆ ಬೋಳಾದವಳನ್ನು ಅರಿಶಿನ-ಕುಂಕುಮಕ್ಕೆ ಯಾರು ಕರೆಯುತ್ತಾರೆ? ಓಣಿಯ ಹೆಂಗಸರು ಅವಳ ಹೊಸ್ತಿಲು ತುಳಿಯುವುದನ್ನು ಬಿಟ್ಟರು. ಅವಳು ತಲೆಗೆ ಸೆರಗು ಸುತ್ತಿಕೊಂಡು ಒಳಮನೆ ಸೇರಿದಳು.

ಮಾಸ್ತರರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು. ಗಜಕರ್ಣವೆಂದರೆ ಚರ್ಮದ ಮೇಲೆ ಬೆಳೆಯುವ ಬೂಷ್ಟು, ಕೆಸರಿನೊಳಗಿನ ಕೆಲವು ಸೂಕ್ಷ್ಮಜೀವಿಗಳು ಅದನ್ನು ಕೊಲ್ಲುವ ರಸ ಬಿಡುತ್ತವೆ ಎಂದು ಎಲ್ಲೋ ಓದಿದ್ದರು. ಸೂಟಿ ಬಂದಾಗಲೆಲ್ಲ ಗೋಕರ್ಣದ ಕಡೆ ಹೋಗಿ, ಹೊಳೆ ಕಡಲು ಸೇರುವಲ್ಲಿ ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಬುಡದಿಂದ ನಾರುವ ಕೆಸರು ತಂದರು. ಚಹಾದ ಬಸಿಗಳಲ್ಲಿ ಚೀನಾ ಗ್ರಾಸೆಂಬ ಕಡಲಪಾಚಿಯ ಗಂಜಿ ಹೊಯ್ದು, ಹೆಂಡತಿಯ ತಲೆಯ ಹೊಟ್ಟಿನಿಂದ ಬೂಷ್ಟು ಬೆಳೆಸಿ, ಅದರ ಮೇಲೆ ಒಂದೊಂದು ಭರಣಿಯ ಕೆಸರನ್ನು ತೊಟ್ಟಿಕ್ಕಿಸಿ ನೋಡಿದರು. ಹದಿನಾರು ಭರಣಿ ದಂಡ. ಹದಿನೇಳನೆಯದರ ಹನಿಯ ಸುತ್ತ ಮಾತ್ರ ಬೂಷ್ಟು, ಮುನಿಸಿಕೊಂಡ ಅಳಿಯ ಮಾವನ ಬಾಗಿಲಲ್ಲಿ ನಿಂತ ಹಾಗೆ, ಮುಂದೆ ಬಾರದೆ ನಿಂತುಬಿಟ್ಟಿತು.

ಮರುದಿನವೇ ಆ ಬಸಿಗೆ ಇರುವೆ ಮುತ್ತಿ ಗಂಜಿಯನ್ನೆಲ್ಲ ತಿಂದು ಹಾಕಿದವು. ಆ ಕೆಸರು ಯಾವ ಗಿಡದ ಬುಡದ್ದೆಂದು ಗುರುತಿಟ್ಟಿರಲಿಲ್ಲ; ಭರಣಿಯಾದರೂ ಉಳಿಯಿತಲ್ಲ ಎಂದು ಮಾಸ್ತರರು ಪುಣೆಯ ಪ್ರಯೋಗಶಾಲೆಯೊಂದಕ್ಕೆ ಕಾಗದ ಬರೆದರು. ಹಸಿ ಕೆಸರು ಹಚ್ಚಿದರೆ ಹುಣ್ಣು ಕೆರಳೀತು, ಅಲ್ಲಿಯವರು ಔಷಧ ಮಾಡಿ ಕೊಡಲಿ ಎಂದುಕೊಂಡರು. ಹೆಂಡತಿಗೆ ಮಾತ್ರ ಹೇಳಲಿಲ್ಲ. ಆಸೆ ಹುಟ್ಟಿಸಿ ಆಮೇಲೆ ಹುಸಿಯಾದರೆ ಅವಳು ತಡೆದುಕೊಳ್ಳಲಾರಳೆಂಬ ಹೆದರಿಕೆ.

ಮೂರು ತಿಂಗಳ ಮೇಲೆ ಒಂದು ಶನಿವಾರ ಬೆಳಿಗ್ಗೆ ಉತ್ತರ ಬಂತು: ಭರಣಿ ತೆಗೆದುಕೊಂಡು ಕೂಡಲೇ ಹೊರಟು ಬನ್ನಿ. ಮಧ್ಯಾಹ್ನದ ಬಸ್ಸಿಗೆ ಬಾಗಲಕೋಟೆ, ಅಲ್ಲಿಂದ ಸೋಲಾಪುರದ ಗಾಡಿ. ಮಾಸ್ತರರು ಗೂಡಿಗೆ ಕೈ ಹಾಕಿದರೆ ಭರಣಿ ತೊಳೆದು ಬೋರಲು ಹಾಕಿತ್ತು. ಕುಮುದಿನಿಯನ್ನು ಕೂಗಿದರು. ಮನೆಯಲ್ಲಿರಲಿಲ್ಲ. ಎರಡು ವರ್ಷ ಹೊಸ್ತಿಲು ದಾಟದವಳು ಎಲ್ಲಿ ಹೋದಳೆಂದು ಯೋಚಿಸುವಷ್ಟು ವ್ಯವಧಾನವೂ ಅವರಿಗಿರಲಿಲ್ಲ.

ಪಕ್ಕದ ಮನೆಯ ಸರಸ್ವತೀಬಾಯಿ ಅಂಗಳದಲ್ಲೇ ಸಿಕ್ಕರು. ಒಳಗಿನಿಂದ ಹೆಂಗಸರ ನಗು ಕೇಳುತ್ತಿತ್ತು. ಇವರು ಬಾಯಿ ತೆರೆಯುವ ಮೊದಲೇ ಆಕೆ ಮೊಣಕಾಲು ಮಡಚಿ ತೋರಿಸಿದರು. "ನಿಮ್ಮನಿ ಮೃತ್ತಿಕಿ ಭಾರೀ ನೋಡಪಾ ಪ್ರಾಣೇಶ. ನೀರಾಗ ಕದಡಿ ಕುಡದೆ, ನೋವು ಎಲ್ಲಿ ಹೋತೋ."

ಕ್ಷೇತ್ರದ ಪವಿತ್ರ ಮಣ್ಣಿಗೆ ಮೃತ್ತಿಕೆಯೆನ್ನುತ್ತಾರೆ. ಚಿಟಿಕೆಯಷ್ಟು ಕುಡಿಯುತ್ತಾರೆ, ಹಣೆಗೆ ಹಚ್ಚಿಕೊಳ್ಳುತ್ತಾರೆ. ದೇವರ ಗೂಡಿನಲ್ಲಿದ್ದ ಗೋಕರ್ಣದ ಮಣ್ಣು ಬೇರೇನಾದೀತು?

ಟಪಾಲು ಮಾಸ್ತರ ನರಸಿಂಹ ಮುಷ್ಟಿ ತುಂಬ ಒಯ್ದಿದ್ದಾನೆಂದು ಆಕೆಯಿಂದಲೇ ತಿಳಿದು ಪ್ರಾಣೇಶ ಮಾಸ್ತರರು ಅಲ್ಲಿಗೆ ಓಡಿದರು. ತಾನೊಬ್ಬನೇ ಪುಣ್ಯ ಕಟ್ಟಿಕೊಳ್ಳಬಾರದೆಂದು ಆತ ಅದನ್ನು ಓಣಿಯ ಬಾವಿಗೆ ಸುರಿದಿದ್ದ. ಏಳು ಮನೆಯವರು ದಿನಾ ನಿನ್ನ ಹೆಸರು ಹೇಳಿ ನೀರು ಕುಡಿಯುತ್ತೇವೆಂದು ಬೆನ್ನು ತಟ್ಟಿದ. ಕುರುಬರ ಹುಲ್ಲಪ್ಪನೂ ಒಂದು ಉಂಡೆ ಒಯ್ದನೆಂದು ತಾನಾಗಿಯೇ ಹೇಳಿದ.

ಹುಲ್ಲಪ್ಪ ಮರೋಳದ ಕಡೆ ಕುರಿ ಮೇಯಿಸುತ್ತಿದ್ದ. ಮಾಸ್ತರರು ಸೈಕಲ್ ಹತ್ತಿದರು. ದಾರಿಯಲ್ಲಿ ಎರಡು ಸಲ ಚೈನು ಕಳಚಿತು. ಮೂರನೆಯ ಸಲ ಹಾಕಿಕೊಳ್ಳುತ್ತಿರುವಾಗ ಬಾಗಲಕೋಟೆಯ ಬಸ್ಸು ಅವರ ಮೈಮೇಲೆ ಧೂಳು ಸುರಿದು ಹೋಯಿತು. ಹೊಲ ಮುಟ್ಟಿದ ಕೂಡಲೇ ಒಂದು ಟಗರು ಹಳೇ ಹಗೆಯವನನ್ನು ಕಂಡ ಹಾಗೆ ಓಡಿ ಬಂದು ಗುದ್ದಿತು. ಮಾಸ್ತರರು ಮಣ್ಣಿನಲ್ಲಿ ಕುಳಿತಲ್ಲಿಂದಲೇ ಅದರ ಹಣೆ ನೋಡಿದರು. ಅಂಗೈಯಗಲದಷ್ಟು ಜಾಗದಲ್ಲಿ ಎಳೆಯ ಕೂದಲು, ಹೊಸ ಗರಿಕೆಯ ಹಾಗೆ ಒತ್ತಾಗಿ ಎದ್ದಿತ್ತು.

"ಹಂಚಿನಂಗ ಬೋಳಾಗಿತ್ತರಿ ಮಾಸ್ತರ. ಹಚ್ಚಿದ ತಿಂಗಳಿಗೆ ನೋಡ್ರಿ ಹೆಂಗ ಬಂದಾವ," ಅಂದ ಹುಲ್ಲಪ್ಪ.

"ಉಳದದ್ದು ಎಲ್ಲೈತಿ?"

"ಮಳಿಗೆ ತೊಳದ್ ಹೋತರಿ. ಅವ್ವಾರು ತಮ್ಮ ಕೈಲೇ ಎಲಿಯಾಗ ಕಟ್ಟಿ ಕೊಟ್ಟಿದ್ರು."

"ಯಾವ ಅವ್ವಾರು?"

"ನಿಮ್ಮನಿ ಅವ್ವಾರರಿ."

ಮಾಸ್ತರರು ಸೈಕಲ್ ನೂಕಿಕೊಂಡೇ ಊರಿಗೆ ಬಂದರು. ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದರು. ಬಾಗಿಲಲ್ಲಿ ಕುಮುದಿನಿ ನಿಂತಿದ್ದಳು. ಹಣೆಯ ತುಂಬ ಕುಂಕುಮ. ಮುಡಿಯಲು ಕೂದಲಿಲ್ಲದ್ದಕ್ಕೆ ಮಲ್ಲಿಗೆಯ ಮಾಲೆಯನ್ನು ಯಾರೋ ಸೆರಗಿಗೇ ಪಿನ್ನು ಹಾಕಿ ಸಿಕ್ಕಿಸಿದ್ದರು.

"ಸರಸ್ವತಿಕಾಕು ಕರದಿದ್ರರಿ, ಅರಿಶಿನ-ಕುಂಕುಮಕ್ಕ. ಚಾಪಿ ಹಾಸಿ ಕೂಡಿಸಿದ್ರು," ಅಂದಳು. "ನೀವು ಮುಟ್ಟಬ್ಯಾಡ ಅಂದಿದ್ರಿ, ನಾ ಮುಟ್ಟಿದೆ. ಒಬ್ಬರಿಗೆ ಒಂದು ಚಿಟಿಕಿ ಕೊಟ್ಟೆ, ಮರುದಿನ ನಾಕ ಮಂದಿ ಬಂದ್ರು. ನೀವು ಸಾಲಿಗೆ ಹೋದಮ್ಯಾಲ ದಿನಾ ಬರ್ತಿದ್ರು. ನಮ್ಮನಿಗೆ ಮಂದಿ ಬಂದು ಎಷ್ಟ ದಿನ ಆಗಿತ್ತು ಹೇಳ್ರಿ."

"ನಿನ್ನ ತಲಿಗೆ ಒಂದ ಚೂರರೆ ಹಚ್ಚಿಕೊಂಡಿಯೇನು?"

"ನನಗೆಲ್ಲಿ ಉಳೀತರಿ. ಬಂದ ಮಂದಿಗೇ ಸಾಲಲಿಲ್ಲ."

ಟಗರಿನ ಸುದ್ದಿ ಮಾಸ್ತರರ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡರು. ಪುಣೆಯ ಕಾಗದ ಅಂಗಿಯ ಜೇಬಿನಲ್ಲೇ ಉಳಿಯಿತು.

"ನಾಳೆ ಮತ್ತ ಹತ್ತ ಮಂದಿ ಬರ್ತೀವಿ ಅಂದಾರ. ಏನ ಕೊಡಲಿ?" ಎಂದು ಅವಳು ಕೇಳಿದಳು.

ಮಾಸ್ತರರು ಭರಣಿ ಎತ್ತಿಕೊಂಡು ಹಿತ್ತಲಿಗೆ ಹೋದರು. ಬಚ್ಚಲ ನೀರು ನಿಲ್ಲುವ ಬಾಳೆಯ ಬುಡದಿಂದ ಕೆಸರು ತುಂಬಿ, ತಂದು ದೇವರ ಗೂಡಿನಲ್ಲಿಟ್ಟರು. ಮರುದಿನ ಸರಸ್ವತೀಬಾಯಿ ಒಂದು ಗುಟುಕು ಕುಡಿದು, ಮೊದಲಿನದಕ್ಕಿಂತ ಇದೇ ಚಲೋ ಅಂದರಂತೆ.

ನನಗೂ ಈಚೆಗೆ ಮೊಣಕಾಲು ಹಿಡಿದುಕೊಳ್ಳುತ್ತವೆ. ಇಷ್ಟು ಹೊತ್ತು ಪುಕ್ಕಟೆ ಕೇಳಿದಿರಲ್ಲ, ಏಳಿ, ನಿಮ್ಮ ಹಿತ್ತಲಿನಿಂದ ಒಂದು ಮುಷ್ಟಿ ಮಣ್ಣು ತಂದುಕೊಡಿ. ಎಲ್ಲಿಯದೆಂದು ನಾನು ಕೇಳಿದರೆ ಮಾತ್ರ ಗೋಕರ್ಣದ್ದೆಂದು ಹೇಳಬೇಕು.