ಹಿಂದಕ್ಕೆ ನಾಲ್ಕು ಗೇರು, ಮುಂದಕ್ಕೆ ಒಂದು

ಟ್ರ್ಯಾಕ್ಟರ್ ಎಂದರೇನು? ನಾಲ್ಕು ಗಾಲಿ, ಒಂದು ಸೀಟು, ಒಂದು ಎಂಜಿನ್ನು. ಕಾರು ಎಂದರೇನು? ಅದೇ ನಾಲ್ಕು ಗಾಲಿ, ಅದೇ ಎಂಜಿನ್ನು, ಮೇಲೊಂದು ಮಾಳಿಗೆ! ಹೀಗಿರುವಾಗ ಒಂದರ ಎಂಜಿನ್ನು ತೆಗೆದು ಇನ್ನೊಂದಕ್ಕೆ ಕೂಡಿಸಲು ಬ್ರಹ್ಮವಿದ್ಯೆ ಬೇಕೇ? ಬೇಡ. ದುಂಡೇಶ ಸಾಕು!

ದುಂಡೇಶನೆಂದರೆ ನಾನೇ. ಶಿರಗುಪ್ಪಿಯ ಮಗ್ಗುಲಲ್ಲಿ ದ್ರಾಕ್ಷಿ ಬೆಳೆಯುವ ಪ್ರಗತಿಪರ ರೈತ. ಈ ಬಿರುದು ಕೊಟ್ಟವರು ಯಾರೆಂದು ಕೇಳಬೇಡಿ. ನಾನೇ ಕೊಟ್ಟುಕೊಂಡದ್ದು.

ಬಳ್ಳಿಗಳು ಹೂವಿಗೆ ಬಂದ ವಾರವೇ ಮೋಡ ಕವಿಯಿತು. ಮೋಡ ಕಂಡರೆ ಕವಿಗಳಿಗೆ ಖುಷಿಯಾಗಬಹುದು. ದ್ರಾಕ್ಷಿ ಬೆಳೆಯುವವನು ಎಲೆ ಮಗುಚಿ ನೋಡಲು ಓಡುತ್ತಾನೆ. ಎಲೆಯಡಿಯಲ್ಲಿ ಬಿಳಿ ಬೂಸಲು ಕಂಡಿತೋ, ಕೂಡಲೇ ಔಷಧ ಹೊಡೆಯಬೇಕು. ತಡವಾದರೆ ಹೂವು ಕೊಳೆತು ಉದುರಿ, ವರ್ಷದ ಬೆಳೆ ಮಣ್ಣುಪಾಲು. ಅಂಥ ಹೊತ್ತಿನಲ್ಲೇ, ಸಾಲುಗಳ ನಡುವೆ ಓಡಾಡಿ ಔಷಧ ಎರಚುವ ನಮ್ಮ ಸಣ್ಣ ಟ್ರ್ಯಾಕ್ಟರು ಎರಡು ಸಲ ಕೆಮ್ಮಿ, ಕರಿ ಹೊಗೆ ಕಾರಿ, ಕಣ್ಣು ಮುಚ್ಚಿತು. ನೆರೆಯವರದು ಕೇಳೋಣವೆಂದರೆ ಮೋಡ ನಮ್ಮ ತೋಟವೊಂದಕ್ಕೇ ಕವಿದಿರಲಿಲ್ಲ. ಎಲ್ಲರ ಟ್ರ್ಯಾಕ್ಟರುಗಳೂ ಅವರವರ ತೋಟದಲ್ಲೇ ಗುಡುಗುತ್ತಿದ್ದವು.

ಆಗ ನನ್ನ ಕಣ್ಣು ಅಂಗಳದ ಬೇವಿನ ನೆರಳಿನ ಮೇಲೆ ಬಿತ್ತು. ಅಲ್ಲಿ ನಿಪ್ಪಾಣಿಯ ಮಾವ ನಾಮದೇವರು ಮಗಳಿಗೆ ಕೊಟ್ಟ ಹಳೆಯ ಕಾರು ನಿಂತಿತ್ತು. ಮಗಳೆಂದರೆ ನನ್ನ ಹೆಂಡತಿ ಉಜ್ವಲಾ; ಅಪ್ಪನನ್ನು ಅವಳು ಬಾಬಾ ಎನ್ನುತ್ತಾಳೆ. ನನ್ನ ನೋಟದ ದಿಕ್ಕು ನೋಡಿಯೇ ಅವಳಿಗೆ ತಿಳಿಯಿತು.

"ರೀ, ಏನ್ ವಿಚಾರ ಮಾಡಾಕತ್ತೀರಿ?"

"ಏನಿಲ್ಲ. ಈ ಗಾಡಿ ಸುಮ್ನ ನಿಂತೈತಲ್ಲಾ..."

"ನಿಂದ್ರಲಿ. ನಿಮಗೇನು ತ್ರಾಸ? ನಾ ಬಾಬಾಗ ಫೋನ್ ಮಾಡ್ತೀನಿ. ಆ ಕಡೆ ಯಾರರ ಟ್ರ್ಯಾಕ್ಟರ್ ಕೊಡಾವ್ರು ಇದ್ರ ನೋಡ್ತಾರ."

"ನಿಮ್ಮ ಬಾಬಾನ ಮುಂದ ನಾ ಕೈ ಒಡ್ಡಬೇಕೇನು?"

"ಕೈ ಒಡ್ಡಬ್ಯಾಡ್ರಿ. ಕಾರಿಗೆ ಕೈ ಹಚ್ಚಬ್ಯಾಡ್ರಿ, ಅಷ್ಟ ಸಾಕು!"

ಮರುದಿನ ಅವಳು ಅಕ್ಕನ ಮನೆಗೆಂದು ಅಥಣಿಯ ಬಸ್ಸು ಹತ್ತಿದಳು. ಬಸ್ಸಿನ ಧೂಳು ನೆಲಕ್ಕೆ ಇಳಿಯುವ ಮೊದಲೇ ನಾನು ಶ್ರೀಪಾಲನನ್ನು ಕರೆತಂದೆ. ಶ್ರೀಪಾಲ ನನ್ನ ಬಾಲ್ಯದ ಗೆಳೆಯ, ರಸ್ತೆಯ ತಿರುವಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆ. ಜಗತ್ತಿನಲ್ಲಿ ಯಾವುದನ್ನು ಕೇಳಿದರೂ ಅವನದು ಒಂದೇ ಉತ್ತರ.

"ಕಾರಿನ ಎಂಜಿನ್ ಟ್ರ್ಯಾಕ್ಟರಿಗೆ ಹಾಕಾಕ ಆಗತೈತೇನೋ?"

"ಆಗತೈತಿ ಬಿಡೋ!"

ಬೇವಿನ ಕೊಂಬೆಗೆ ಸರಪಳಿ ಬಿಗಿದು ಕಾರಿನ ಎಂಜಿನ್ನನ್ನು ಎತ್ತಿದೆವು. ಟ್ರ್ಯಾಕ್ಟರಿನ ಸತ್ತ ಎಂಜಿನ್ನು ಕಿತ್ತು ಕೆಳಗಿಟ್ಟೆವು. ಆ ಜಾಗದಲ್ಲಿ ಹೊಸದನ್ನು ಇಳಿಸಿದರೆ ಅದು ಕೂರಲೇ ಇಲ್ಲ! ಉದ್ದ ಇಟ್ಟರೆ ರೇಡಿಯೇಟರಿಗೆ ಬಡಿಯಿತು, ಅಡ್ಡ ಇಟ್ಟರೆ ಗಾಲಿಗೆ ಬಡಿಯಿತು. ಕೊನೆಗೆ ಶ್ರೀಪಾಲನಿಗೆ ಜ್ಞಾನೋದಯವಾಯಿತು.

"ದುಂಡ್ಯಾ, ಇದರ ಮಾರಿ ತಿರುವಿ ಕುಂಡ್ರಸೂಣು. ಮುಂದಿಂದು ಹಿಂದ, ಹಿಂದಿಂದು ಮುಂದ."

"ಏನೂ ಆಗೂದಿಲ್ಲಲ್ಲಾ?"

"ಆಗತೈತಿ ಬಿಡೋ!"

ಏನಾಗುತ್ತದೆ ಎಂಬುದನ್ನು ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ. ಎಂಜಿನ್ನಿನ ಮುಖ ಹಿಂದೆ ತಿರುಗಿಸಿ ಕೂರಿಸಿ, ಕಬ್ಬಿಣದ ಪಟ್ಟಿ ಸುತ್ತಿ, ಎಲ್ಲೆಂದರಲ್ಲಿ ವೆಲ್ಡಿಂಗ್ ಹೊಡೆದೆವು. ಟ್ರ್ಯಾಕ್ಟರಿನ ಮುಚ್ಚಳ ಮುಚ್ಚಲಿಲ್ಲ. ಇರಲಿ, ಗಾಳಿಯಾಡುತ್ತದೆ!

ಸಂಜೆ ಉಜ್ವಲಾ ಬಂದಳು. ಕಾರಿನ ಬಾನೆಟ್ ತೆರೆದಿತ್ತು. ಒಳಗೆ ಒಂದು ಕೋಳಿ, ಹೊಸ ಮನೆ ಸಿಕ್ಕ ಸಂಭ್ರಮದಲ್ಲಿ ಕುಳಿತಿತ್ತು.

"ರೀ, ಎಂಜಿನ್ ಎಲ್ಲಿ?"

"ದೇಶಸೇವೆಗೆ ಹೋಗೈತಿ."

ಅವಳು ಬಯ್ಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಕಾರಿನ ಬಾಗಿಲು ತೆಗೆದು, ಸ್ಟೇರಿಂಗ್ ಹಿಡಿದು ಕೂತಳು. ಮದುವೆಗೆ ಮುಂಚೆ ಅವಳು ಡ್ರೈವಿಂಗ್ ಕಲಿತದ್ದು ಅದರಲ್ಲೇ, ಅಪ್ಪನ ಪಕ್ಕ ಕೂತು. ಇಳಿದು ಬಂದು, "ಔಷಧಾನರ ಹೊಡೀರಿ. ಮುಂಜಾನಿ ಹೋಗೂ ಮುಂದ ಎಲಿ ನೋಡೀನಿ. ಬೂಸಲಾ ಹತ್ತೈತಿ," ಎಂದಷ್ಟೇ ಹೇಳಿ ಒಳಗೆ ಹೋದಳು. ಎಂಜಿನ್ನನ್ನು ಮತ್ತೆ ಕಾರಿಗೇ ಕೂರಿಸಿಬಿಡಲೇ ಎಂದು ಮೊದಲ ಬಾರಿಗೆ ಅನ್ನಿಸಿತು. ಆದರೆ ಪ್ರಗತಿಪರ ರೈತ ಹಿಂದೆ ಸರಿಯುವುದುಂಟೇ?

ಉಂಟು! ಮುಂಜಾನೆಯೇ ಉಂಟಾಯಿತು!

ಟ್ಯಾಂಕಿಗೆ ಮೈಲುತುತ್ತು ಸುಣ್ಣ ಕಲಸಿದ ನೀಲಿ ಔಷಧ ತುಂಬಿ, ಹಿಂದೆ ಔಷಧ ಎರಚುವ ಫ್ಯಾನು ಸಿಕ್ಕಿಸಿ, ಸಾಲಿನ ಬಾಯಿಗೆ ಟ್ರ್ಯಾಕ್ಟರ್ ತಳ್ಳಿ ತಂದು ನಿಲ್ಲಿಸಿ ಕೀಲಿ ತಿರುಗಿಸಿದೆ. ಎಂಜಿನ್ನು ಘರ್ಜಿಸಿತು! ಶ್ರೀಪಾಲ ಚಪ್ಪಾಳೆ ತಟ್ಟಿದ. ನಾನು ಮೊದಲ ಗೇರು ಹಾಕಿ ಕ್ಲಚ್ಚು ಬಿಟ್ಟೆ. ಟ್ರ್ಯಾಕ್ಟರು ಹಿಂದಕ್ಕೆ ಹೊರಟಿತು.

ಗೇರು ತಪ್ಪಿರಬೇಕೆಂದು ಎರಡನೆಯದು ಹಾಕಿದೆ. ಇನ್ನೂ ಜೋರಾಗಿ ಹಿಂದಕ್ಕೆ! ಮೂರನೆಯದಕ್ಕೆ ಹಿಂದೆ ನಿಂತಿದ್ದ ಶ್ರೀಪಾಲ ಹಾರಿ ಬದುವಿನಾಚೆ ಬಿದ್ದ.

"ಲೇ ಶ್ರೀಪಾಲಾ! ಹಿಂದ ಹೊಂಟೈತಲೇ!"

"ಎಂಜಿನ್ ಉಲ್ಟಾ ಕುಂಡ್ರಸೀವಿ ನೋಡೋ, ಉಲ್ಟಾ ತಿರಗಾಕತ್ತೈತಿ!" ಬದುವಿನಾಚೆಯಿಂದ ಅವನು ಕೂಗಿದ. "ರಿವರ್ಸ್ ಹಾಕು, ಮುಂದ ಬರತೈತಿ!"

ಎಂಥ ಯಂತ್ರ ನೋಡಿ! ಹಿಂದಕ್ಕೆ ನಾಲ್ಕು ಗೇರು, ಮುಂದಕ್ಕೆ ಒಂದು! ಆ ಒಂದನ್ನು ಹಾಕೋಣವೆಂದರೆ ಕ್ಲಚ್ಚಿನ ಪೆಡಲ್ಲು ನಾವೇ ಬೆಸೆದ ಪಟ್ಟಿಯ ಕೆಳಗೆ ಸಿಕ್ಕಿಕೊಂಡಿತ್ತು. ಬ್ರೇಕು ತುಳಿದೆ, ಕಾರಿನ ಎಂಜಿನ್ನಿನ ರಭಸಕ್ಕೆ ಅದು ಯಾವ ಲೆಕ್ಕ? ಫ್ಯಾನೂ ತಿರುವುಮುರುವಾಗಿ ಸುತ್ತಿ, ಬಳ್ಳಿಗೆ ಹೋಗಬೇಕಾದ ಔಷಧವನ್ನೆಲ್ಲ ನನ್ನ ಮೇಲೆ ಸುರಿಯಿತು. ಕಣ್ಣು ಉರಿ, ಬಾಯಿ ಕಹಿ, ಅಂಗಿ ನೀಲಿ, ಮೀಸೆ ನೀಲಿ! ಕೊಳಲೊಂದಿದ್ದರೆ ಸಾಕ್ಷಾತ್ ನೀಲಮೇಘಶ್ಯಾಮ.

ಕಡೆಗೆ ಹಿಂಬದಿಯ ಸಾಲಿನ ಕಲ್ಲುಕಂಬವೇ ನನ್ನನ್ನು ತಡೆಯಿತು. ಕಂಬ ಮುರಿಯಿತು, ತಂತಿ ಹರಿಯಿತು. ಹೂವು ತುಂಬಿದ ಒಂದಿಡೀ ಸಾಲು ಮೆಲ್ಲನೆ ನರಳುತ್ತ ನೆಲಕ್ಕೆ ಒರಗಿತು. ಎಂಜಿನ್ನು ಆರಿತು. ಬಿದ್ದ ಬಳ್ಳಿಗಳ ನಡುವೆ ನಾನು ಕೂತೇ ಇದ್ದೆ. ನಗು ಬರುವಂಥದ್ದೇ, ಒಪ್ಪಿದೆ. ಆದರೆ ಆಗ ನನಗೆ ನಗು ಬರಲಿಲ್ಲ. ಆ ಸಾಲಿನ ಸಸಿಗಳನ್ನು ನಾನೂ ಉಜ್ವಲಾಳೂ ಕೈಯಾರೆ ನೆಟ್ಟಿದ್ದೆವು. ಉಳಿದ ಸಾಲುಗಳಿಗೆ ಬೂಸಲು ಹಬ್ಬುತ್ತಿತ್ತು, ನೆತ್ತಿಯ ಮೇಲೆ ಮೋಡ ಹಾಗೇ ಇತ್ತು.

ಅಷ್ಟರಲ್ಲಿ ರಸ್ತೆಯಲ್ಲಿ ಹಾರನ್ ಕೇಳಿಸಿತು. ನೋಡಿದರೆ ಒಂದು ಟೆಂಪೋ, ಅದರ ಮೇಲೆ ಥಳಥಳಿಸುವ ಸಣ್ಣ ಟ್ರ್ಯಾಕ್ಟರು! ಟೆಂಪೋದಿಂದ ಮಾವ ಇಳಿದರು. ಜೊತೆಗೊಬ್ಬ ಗಟ್ಟಿಮುಟ್ಟಾದ ಮನುಷ್ಯ.

"ಜಾವಾಯಿ ಬಾಪು!" ಅಳಿಯನನ್ನು ಮಾವ ದೂರದಿಂದಲೇ ಕೂಗಿದರು. "ಉಜ್ವಲಾ ಮೊನ್ನೇನ ಫೋನ್ ಮಾಡಿದ್ಲು. ಇಂವ ಭೋಜ ಊರಿನ ಸಂಗ್ರಾಮ. ದ್ರಾಕ್ಷಿ ತಗದು ಕಬ್ಬ ಹಚ್ಯಾನ. ಈ ಟ್ರ್ಯಾಕ್ಟರ್ ಅವಂಗ ಇನ್ನ ಬ್ಯಾಡಂತ. ಮನ್ಯಾಗ ವಯಸ್ಸಾದ ತಾಯಿ ಅದಾರ, ದವಾಖಾನಿಗೆ ಕರಕೊಂಡ ಹೋಗಾಕ ಒಂದು ಸಣ್ಣ ಕಾರ್ ಬೇಕಂತ. ಅದಲಾ ಬದಲ್! ನಮ್ಮ ಹಳೇ ಗಾಡಿ ಕೊಡ್ರಿ, ಇದನ್ನ ಇಟಗೋರಿ!"

ನನ್ನ ಬಾಯಿ ತೆರೆಯಿತು. ಒಳಗಿನಿಂದ ನೀಲಿ ಹನಿಯೊಂದು ಬಿತ್ತು.

"ಬಾಡಿ ಹೆಂಗರ ಇರ್ಲಿ, ನಡೀತೈತಿ," ಎಂದ ಸಂಗ್ರಾಮ. "ಎಂಜಿನ್ ಹೆಂಗೈತ್ರಿ?"

ನನ್ನ ಹಿಂದೆ ಬಂದು ನಿಂತಿದ್ದ ಉಜ್ವಲಾ ಶಾಂತವಾಗಿ ಹೇಳಿದಳು: "ಎಂಜಿನ್ ಭಾಳ ಜೋರೈತ್ರಿ ಅಣ್ಣಾ. ಕಾರಿನಾಗ ಇಲ್ಲ, ಅಷ್ಟ."

ಮಾವ ಬಿದ್ದ ಸಾಲು ನೋಡಿದರು. ನನ್ನನ್ನು ನೋಡಿದರು. "ಅರೇ ದೇವಾ!" ಎಂದು ಟೋಪಿ ತೆಗೆದು ಬದುವಿನ ಮೇಲೆ ಕೂತುಬಿಟ್ಟರು.

ಸಂಗ್ರಾಮನಿಗೆ ಮೊದಲು ನಗು ಬಂತು, ಆಮೇಲೆ ಕನಿಕರ. ಎಷ್ಟಾದರೂ ಮೋಡದ ಸಂಕಟ ಉಂಡ ಮನುಷ್ಯ. ತನ್ನ ಟ್ರ್ಯಾಕ್ಟರ್ ಇಳಿಸಿ, ಹೊಸದಾಗಿ ಔಷಧ ಕಲಸಿ ತುಂಬಿಕೊಂಡು, ಉಳಿದ ತೋಟಕ್ಕೆಲ್ಲ ಹೊಡೆದುಕೊಟ್ಟ. ಊಟಕ್ಕೂ ನಿಲ್ಲದೆ ಟ್ರ್ಯಾಕ್ಟರನ್ನು ಮತ್ತೆ ಟೆಂಪೋಕ್ಕೆ ಏರಿಸಿಕೊಂಡು ಭೋಜದ ದಾರಿ ಹಿಡಿದ. ಅದರ ಕೆಂಪು ಬಣ್ಣ ಕಬ್ಬಿನ ಗದ್ದೆಗಳಾಚೆ ಮರೆಯಾಗುವವರೆಗೆ ನಾನು ನೋಡುತ್ತ ನಿಂತೆ.

ಕಾರಿಲ್ಲ, ಟ್ರ್ಯಾಕ್ಟರಿಲ್ಲ, ಮಾವನ ಮುಂದೆ ಮುಖವೂ ಇಲ್ಲ. ಆದರೂ ಮನುಷ್ಯನಿಗೆ ಒಂದು ಸಮಾಧಾನ ಬೇಕಲ್ಲ! ಬಿದ್ದ ತಂತಿ ಸುತ್ತುತ್ತಿದ್ದ ಉಜ್ವಲಾಳ ಬಳಿ ಹೋಗಿ ಮೆಲ್ಲಗೆ ಹೇಳಿದೆ:

"ಹೋಗ್ಲಿ ಬಿಡು. ತ್ವಾಟರ ಉಳೀತಲ್ಲ."

ಅವಳು ತಲೆಯೆತ್ತದೆ ಹೇಳಿದಳು: "ಹೂಂ, ಉಳೀತು. ತ್ವಾಟಕ್ಕ ನಟ್ಟು ಬೋಲ್ಟು ಇಲ್ಲ ನೋಡ್ರಿ, ಅದಕ್ಕ ಉಳೀತು!"